ಮೂಗು ಮೆಚ್ಚಿದ ಸಂಬಂಧ: ಮೈವಾಸನೆಗೂ ಮದುವೆಗೂ ಎಷ್ಟು ನಂಟು?

ಬೆಂಗಳೂರು: ರಂಜಾನ್ ಹಬ್ಬದ ಬೆಳಿಗ್ಗೆ ಬೆನ್ಸನ್ ಟೌನ್ ಬಳಿಯ ಖುದ್ದೂಸ್ ಸಾಹೇಬ್ ಈದ್ಗಾ ಮೈದಾನದತ್ತ ಸಾಗುವ ಜನರ ನಡುವೆ ನಿಂತವರಿಗೆ ಕಣ್ಣಿಗಿಂತ ಮೊದಲು ಮೂಗಿಗೇ ಹಬ್ಬ ತಿಳಿಯುತ್ತದೆ. ಹೊಸ ಬಟ್ಟೆಗಳಿಂದ ಅತ್ತರು ಘಮಘಮಿಸುತ್ತಿರುತ್ತದೆ. ಲಗ್ನದ ದಿನಗಳಲ್ಲಿ ಅಲ್ಲಿಂದ ತುಸು ದೂರದ ಅರಮನೆ ಮೈದಾನಕ್ಕೆ ಹೋದರೆ ಮಲ್ಲಿಗೆ, ಗಂಧ, ಊದುಬತ್ತಿಗಳದೇ ರಾಜ್ಯ. ಹೆಣ್ಣು ನೋಡುವ ಶಾಸ್ತ್ರದ ದಿನ ಅಡುಗೆಮನೆಯಿಂದ ಬರುವ ಕೇಸರಿಬಾತಿನ ತುಪ್ಪದ ಘಮದ ಮುಂದೆ ಹುಡುಗ-ಹುಡುಗಿಯರ ಸ್ವಂತ ಮೈಗಂಧಕ್ಕೆ ಅವಕಾಶವಾದರೂ ಎಲ್ಲಿ?

ಹೀಗೆ ನಾವು ಜತನದಿಂದ ಮುಚ್ಚಿಡುವ ಮೈವಾಸನೆಯೇ ಗಂಡು-ಹೆಣ್ಣಿನ ಆಕರ್ಷಣೆಯನ್ನು, ಸಂಗಾತಿಯ ಆಯ್ಕೆಯನ್ನು ತೆರೆಮರೆಯಲ್ಲಿ ನಡೆಸುತ್ತದೆ ಎಂಬ ವಾದ ಮೂರು ದಶಕಗಳಿಂದ ವಿಜ್ಞಾನಿಗಳ ನಡುವೆ ಚರ್ಚೆಯಲ್ಲಿದೆ. ಮತ್ಸ್ಯಗಂಧಿಯ ಮೈಯಿಂದ ಮೀನಿನ ವಾಸನೆ ಹೋಗಿ ಯೋಜನ ದೂರ ಹರಡುವ ಪರಿಮಳ ಬಂದ ಮೇಲೆಯೇ ಶಂತನು ಆಕೆಯನ್ನು ಅರಸಿ ಬಂದ ಕಥೆಯನ್ನು ಕೇಳಿ ಬೆಳೆದ ನಮಗೆ ಈ ವಾದ ಅಪರಿಚಿತವೆನಿಸದು. ಆದರೆ ವಿಜ್ಞಾನಿಗಳ ವಾದದಲ್ಲಿ ಒಂದು ತಿರುವಿದೆ. ರಕ್ತಸಂಬಂಧದಿಂದ ದೂರವಿರುವವರ ವಾಸನೆಯನ್ನೇ ಮೂಗು ಮೆಚ್ಚುತ್ತದೆ ಎಂಬುದು ಅದರ ತಿರುಳು. ಹಾಗಿದ್ದರೆ ಅಕ್ಕನ ಮಗಳನ್ನು, ಸೋದರತ್ತೆಯ ಮಗನನ್ನು ತಲೆಮಾರುಗಳಿಂದ ಮದುವೆಯಾಗುತ್ತಾ ಬಂದಿರುವ ಕರ್ನಾಟಕದಲ್ಲಿ ಮೂಗು ಮಾಡಿದ್ದೇನು?

ಬೆವರಿನ ಕಥೆ

ಮೈಮೇಲೆ ಸುರಿಯುವ ಬೆವರಿಗೆ ಸ್ವತಃ ಹೇಳಿಕೊಳ್ಳುವಂತಹ ವಾಸನೆಯಿಲ್ಲ. ದೇಹವನ್ನು ತಂಪಾಗಿಸುವ ಬೆವರು ಬಹುಪಾಲು ಉಪ್ಪುನೀರು. ಕಂಕುಳು ಮುಂತಾದೆಡೆ ಇರುವ ಬೇರೊಂದು ಬಗೆಯ ಗ್ರಂಥಿಗಳು ಪ್ರಾಯಕ್ಕೆ ಬಂದಾಗ ಚುರುಕಾಗುತ್ತವೆ. ಅವು ಸ್ರವಿಸುವ ಅಂಟು ದ್ರವವನ್ನು ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ಒಡೆದಾಗ ಹುಟ್ಟುವುದೇ ನಾವು ಮೂಗು ಮುಚ್ಚಿಕೊಳ್ಳುವ ವಾಸನೆ. ಇದರಲ್ಲಿ ವಂಶವಾಹಿಯ ಪಾತ್ರವೂ ಇದೆ. ಕೊರಿಯಾ, ಜಪಾನ್, ಚೀನಾಗಳ ಬಹುಪಾಲು ಜನರಲ್ಲಿ ಎಬಿಸಿಸಿ11 ಎಂಬ ವಂಶವಾಹಿಯ ಒಂದು ರೂಪವಿದ್ದು, ಅದರಿಂದಾಗಿ ಅವರಿಗೆ ಕಂಕುಳ ವಾಸನೆ ತೀರಾ ಕಡಿಮೆ. ಕಿವಿಯ ಗುಗ್ಗೆ ಒಣಗಿರುವುದೂ ಇದೇ ವಂಶವಾಹಿಯಿಂದಲೇ! ಊಟದ ಪ್ರಭಾವವಂತೂ ನಮ್ಮ ಅಡುಗೆಮನೆಗಳಿಗೆ ಗೊತ್ತಿರುವುದೇ. ಮೆಂತ್ಯ ಹೆಚ್ಚು ತಿಂದವರ ಬೆವರಿನಲ್ಲಿ ಮೆಂತ್ಯದ ವಾಸನೆ ಬರುತ್ತದೆ. ಬೆಳ್ಳುಳ್ಳಿಯದ್ದು ಮಾತ್ರ ಸೋಜಿಗ. ಬೆಳ್ಳುಳ್ಳಿ ತಿಂದ ಗಂಡಸರ ಬಾಯಿಯನ್ನಲ್ಲ, ಕಂಕುಳ ವಾಸನೆಯನ್ನು ಪರೀಕ್ಷಿಸಿದ ಯೂರೋಪಿನ ಸಂಶೋಧಕರಿಗೆ, ಮಹಿಳೆಯರು ಅದನ್ನು ಹೆಚ್ಚು ಹಿತಕರವೆಂದು ಗುರುತಿಸಿದ್ದು ಕಂಡುಬಂತು.

ಅಂಗಿ ಮೂಸಿದ ಪ್ರಯೋಗ

ವಾದಕ್ಕೆ ಮೂಲವಾದದ್ದು ಇಲಿಗಳು. ತಮಗಿಂತ ಭಿನ್ನವಾದ ರೋಗನಿರೋಧಕ ವಂಶವಾಹಿಗಳಿರುವ ಜೊತೆಗಾರರನ್ನು ಇಲಿಗಳು ವಾಸನೆಯಿಂದಲೇ ಆರಿಸಿಕೊಳ್ಳುತ್ತವೆ ಎಂಬುದು 1970ರ ದಶಕದಲ್ಲಿ ಅಮೆರಿಕದ ಪ್ರಯೋಗಾಲಯಗಳಲ್ಲಿ ಕಂಡುಬಂದಿತ್ತು. ಮನುಷ್ಯರಲ್ಲಿ ಈ ವಂಶವಾಹಿಗಳ ಗುಂಪಿಗೆ ಎಚ್‌ಎಲ್‌ಎ ಎಂದು ಹೆಸರು. ಮೂತ್ರಪಿಂಡ ಅಥವಾ ಅಸ್ಥಿಮಜ್ಜೆ ಕಸಿಗೆ ಮುನ್ನ ದಾನಿಗೂ ರೋಗಿಗೂ ಹೊಂದಾಣಿಕೆಯಿದೆಯೇ ಎಂದು ಆಸ್ಪತ್ರೆಗಳಲ್ಲಿ ನೋಡುವುದು ಇವುಗಳನ್ನೇ. ಕಸಿಗೆ ಸಾಮ್ಯ ಬೇಕು. ಮದುವೆಗೆ ಭಿನ್ನತೆ ಲೇಸು, ಏಕೆಂದರೆ ತಂದೆ-ತಾಯಿಯರ ಎಚ್‌ಎಲ್‌ಎ ಬೇರೆ ಬೇರೆಯಾದಷ್ಟೂ ಮಗುವಿಗೆ ಹೆಚ್ಚು ಬಗೆಯ ರೋಗಾಣುಗಳನ್ನು ಗುರುತಿಸುವ ಶಕ್ತಿ ದಕ್ಕುತ್ತದೆ ಎಂಬುದು ತರ್ಕ.

ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ಕ್ಲಾಸ್ ವೆಡೆಕಿಂಡ್ 1995ರಲ್ಲಿ ಈ ತರ್ಕವನ್ನು ಮನುಷ್ಯರ ಮೇಲೆ ಪರೀಕ್ಷಿಸಿದರು. 44 ಯುವಕರು ಎರಡು ರಾತ್ರಿ ಒಂದೇ ಹತ್ತಿಯ ಟೀ-ಶರ್ಟ್ ತೊಟ್ಟು ಮಲಗಿದರು. ಸುವಾಸನೆಯ ಸಾಬೂನಿಗೂ ಸೆಂಟಿಗೂ ನಿಷೇಧವಿತ್ತು. ಆ ಅಂಗಿಗಳನ್ನು ಡಬ್ಬಿಗಳಲ್ಲಿಟ್ಟು 49 ಯುವತಿಯರಿಗೆ ಮೂಸಲು ಕೊಡಲಾಯಿತು. ತಮ್ಮದಕ್ಕಿಂತ ಭಿನ್ನವಾದ ಎಚ್‌ಎಲ್‌ಎ ಇರುವವರ ಅಂಗಿಗಳೇ ಹೆಚ್ಚು ಹಿತವೆಂದು ಯುವತಿಯರು ಹೇಳಿದರು. ಗರ್ಭನಿರೋಧಕ ಮಾತ್ರೆ ಸೇವಿಸುತ್ತಿದ್ದವರ ಆಯ್ಕೆ ಮಾತ್ರ ಇದಕ್ಕೆ ತದ್ವಿರುದ್ಧವಾಗಿತ್ತು. ಪತ್ರಿಕೆಗಳಿಗೆ ಇದಕ್ಕಿಂತ ರುಚಿಕರ ಸುದ್ದಿ ಬೇಕೆ? ಅಂದಿನಿಂದ ಇಂದಿನವರೆಗೂ ‘ಮೂಗೇ ಮದುವೆ ದಲ್ಲಾಳಿ’ ಎಂಬ ಧಾಟಿಯ ಬರಹಗಳು ನಿಂತಿಲ್ಲ.

ಆದರೆ ಪ್ರಯೋಗಾಲಯದ ಅಂಗಿ ಬೇರೆ, ಮನೆಯ ಸಂಸಾರ ಬೇರೆ. ಅಮೆರಿಕದ ಹಟರೈಟ್ ಎಂಬ ಕ್ರೈಸ್ತ ಪಂಗಡದ 411 ದಂಪತಿಗಳ ಅಧ್ಯಯನದಲ್ಲಿ (1997) ಗಂಡ-ಹೆಂಡಿರ ಎಚ್‌ಎಲ್‌ಎ ಸಾಮ್ಯ ನಿರೀಕ್ಷೆಗಿಂತ ಕಡಿಮೆಯಿತ್ತು. ಅದೇ ವರ್ಷ ಪ್ರಕಟವಾದ, ದಕ್ಷಿಣ ಅಮೆರಿಕದ ಮೂಲನಿವಾಸಿ ದಂಪತಿಗಳ ಅಧ್ಯಯನದಲ್ಲಿ ಅಂತಹ ಯಾವ ಒಲವೂ ಕಾಣಲಿಲ್ಲ. 2008ರಲ್ಲಿ ಬ್ರಿಟನ್ನಿನ ಕ್ರೇಗ್ ರಾಬರ್ಟ್ಸ್ ತಂಡ ಅಂಗಿ ಪ್ರಯೋಗವನ್ನು ಮತ್ತೆ ನಡೆಸಿದಾಗ ಭಿನ್ನತೆಯತ್ತ ಒಟ್ಟಾರೆ ಒಲವು ಕಂಡುಬರಲಿಲ್ಲ. ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2020ರಲ್ಲಿ ಹಾವ್ಲಿಚೆಕ್, ವಿಂಟರ್ನಿಟ್ಜ್ ಮತ್ತು ರಾಬರ್ಟ್ಸ್ ನಡೆಸಿದ ವಿಶ್ಲೇಷಣೆಯಲ್ಲೂ ಎಚ್‌ಎಲ್‌ಎ ಭಿನ್ನತೆಗೂ ವಾಸನೆಯ ಮೆಚ್ಚುಗೆಗೂ ಗಣನೀಯ ನಂಟು ಸಿಗಲಿಲ್ಲ. ಈ ಸುದ್ದಿಗೆ ಮೊದಲಿನದಕ್ಕೆ ದೊರೆತಷ್ಟು ಪ್ರಚಾರ ದೊರೆಯಲಿಲ್ಲ ಎನ್ನುವುದು ಬೇರೆ ಮಾತು.

ಅಕ್ಕನ ಮಗಳು

ಈಗ ನಮ್ಮ ರಾಜ್ಯದತ್ತ ಬರೋಣ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಹೋದ್ಯೋಗಿಗಳು ನವಜಾತ ಶಿಶುಗಳ ರಕ್ತಪರೀಕ್ಷೆಯ ದೊಡ್ಡ ಕಾರ್ಯಕ್ರಮ ನಡೆಸಿದರು. ಆ ಸಂದರ್ಭದಲ್ಲಿ ಬೆಂಗಳೂರು ಮತ್ತು ಮೈಸೂರಿನ ಲಕ್ಷಕ್ಕೂ ಹೆಚ್ಚು ದಂಪತಿಗಳ ರಕ್ತಸಂಬಂಧದ ವಿವರ ಸಂಗ್ರಹವಾಯಿತು. ಅವರು ತಳಿವಿಜ್ಞಾನಿ ಎ.ಎಚ್. ಬಿಟಲ್ಸ್ ಜೊತೆಗೂಡಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಸುಮಾರು ಮೂರರಲ್ಲಿ ಒಂದು ಮದುವೆ ಸೋದರಿಕೆಯದಾಗಿತ್ತು. ಹಿಂದೂಗಳಲ್ಲಿ ಸೋದರಮಾವ-ಅಕ್ಕನ ಮಗಳ ಮದುವೆ ಎದ್ದು ಕಾಣುತ್ತಿತ್ತು. 1955ರ ಹಿಂದೂ ವಿವಾಹ ಕಾಯ್ದೆ ಇಂತಹ ಸಂಬಂಧವನ್ನು ನಿಷಿದ್ಧವೆಂದರೂ, ರೂಢಿಯಿದ್ದಲ್ಲಿ ವಿನಾಯಿತಿ ಕೊಟ್ಟಿದೆ. ಮುಸ್ಲಿಂ ಕುಟುಂಬಗಳಲ್ಲಿ ಸೋದರಮಾವನ ಮದುವೆ ಇಲ್ಲ. ಚಿಕ್ಕಪ್ಪ-ದೊಡ್ಡಪ್ಪ, ಮಾವ-ಅತ್ತೆಯರ ಮಕ್ಕಳ ನಡುವಿನ ಸಂಬಂಧಗಳುಂಟು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ರಾಜ್ಯದ ಸುಮಾರು ಕಾಲು ಭಾಗ ಮದುವೆಗಳು ರಕ್ತಸಂಬಂಧಿಗಳ ನಡುವಿನವೇ.

ಎಚ್‌ಎಲ್‌ಎ ವಂಶವಾಹಿಗಳು ಸಾಮಾನ್ಯವಾಗಿ ತಂದೆಯಿಂದ ಒಂದು ಕಂತೆ, ತಾಯಿಯಿಂದ ಒಂದು ಕಂತೆಯಾಗಿ ಬರುತ್ತವೆ. ಮಗಳಿಗೆ ತಾಯಿಯಿಂದ ಬಂದ ಕಂತೆ ಆ ತಾಯಿಯ ತಮ್ಮನಲ್ಲೂ ಇರುವ ಸಾಧ್ಯತೆ ಅರ್ಧಕ್ಕರ್ಧ. ಮೂಗಿಗೆ ನಿಜವಾಗಿಯೂ ಅಂತಿಮ ಅಧಿಕಾರವಿದ್ದಿದ್ದರೆ ಈ ಮದುವೆಗಳಲ್ಲಿ ಬಹಳಷ್ಟು ಮುರಿದುಬೀಳಬೇಕಿತ್ತು. ಬೀಳಲಿಲ್ಲ. ಜಮೀನು ಹಂಚಿಹೋಗಬಾರದು, ಹೆಣ್ಣುಮಗು ಗೊತ್ತಿರುವ ಮನೆಗೇ ಸೇರಬೇಕು, ವರದಕ್ಷಿಣೆಯ ಭಾರ ತಗ್ಗಬೇಕು ಎಂಬ ಹಿರಿಯರ ಲೆಕ್ಕಾಚಾರದ ಮುಂದೆ ಮೂಗಿನ ಅಭಿಪ್ರಾಯ ಕೇಳಿದವರಾರು? ಇದರಿಂದ ವೆಡೆಕಿಂಡ್ ವಾದ ಸುಳ್ಳೆಂದು ಸಾಬೀತಾಗುವುದಿಲ್ಲ. ಅಂತಹ ಒಲವು ಇದ್ದರೂ ಅದು ಸಂಪ್ರದಾಯವನ್ನು ಮಣಿಸುವಷ್ಟು ಬಲವಾದುದಲ್ಲ ಎಂದಷ್ಟೇ ಅರ್ಥ.

ಮತ್ತೊಂದು ಸಂಗತಿಯೂ ಇದೆ. ‘ನಾನೇ ಎತ್ತಿ ಆಡಿಸಿದ ಹುಡುಗಿ, ಹೇಗೆ ಮದುವೆಯಾಗಲಿ?’ ಎಂದು ಹಿಂಜರಿಯುವ ಸೋದರಮಾವಂದಿರ ಮಾತು ನಮ್ಮ ಮನೆಗಳಿಗೆ ಹೊಸದಲ್ಲ. ಬಾಲ್ಯದಲ್ಲಿ ಒಟ್ಟಿಗೆ ಬೆಳೆದವರ ನಡುವೆ ಆಕರ್ಷಣೆ ಹುಟ್ಟುವುದು ಅಪರೂಪ ಎಂಬುದನ್ನು ಇಸ್ರೇಲಿನ ಕಿಬುಟ್ಜ್‌ಗಳಲ್ಲಿ ಬೆಳೆದ ಮಕ್ಕಳಲ್ಲೂ, ತೈವಾನಿನಲ್ಲಿ ಬಾಲ್ಯದಲ್ಲೇ ಗಂಡನ ಮನೆಗೆ ತಂದು ಸಾಕಿದ ಹೆಣ್ಣುಮಕ್ಕಳಲ್ಲೂ ಗುರುತಿಸಲಾಗಿದೆ. ಇವರು ರಕ್ತಸಂಬಂಧಿಗಳೇ ಅಲ್ಲ. ಹಾಗಾಗಿ ಇಲ್ಲಿ ಕೆಲಸ ಮಾಡುವುದು ವಂಶವಾಹಿಯಲ್ಲ, ಒಡನಾಟ.

ರೇಷ್ಮೆ ಚಿಟ್ಟೆಗೆ ಸರಿ, ನಮಗೆ?

ವಾಸನೆಯೊಂದೇ ಜೊತೆಗಾರನನ್ನು ಎಳೆದು ತರುವುದನ್ನು ಕಾಣಬೇಕಾದರೆ ರೇಷ್ಮೆಯ ಬಿತ್ತನೆ ಕೋಠಿಗೆ ಹೋಗಬೇಕು. ಗೂಡಿನಿಂದ ಹೊರಬಂದ ಹೆಣ್ಣು ಚಿಟ್ಟೆ ತನ್ನ ಗ್ರಂಥಿಯನ್ನು ಹೊರಚಾಚಿದ ಕೂಡಲೇ ಗಂಡು ಚಿಟ್ಟೆಗಳು ರೆಕ್ಕೆ ಬಡಿಯುತ್ತಾ ಸುತ್ತತೊಡಗುತ್ತವೆ. ಜರ್ಮನಿಯ ಅಡಾಲ್ಫ್ ಬುಟೆನಾಂಟ್ 1959ರಲ್ಲಿ ಪ್ರಪಂಚದ ಮೊತ್ತಮೊದಲ ಫೆರೊಮೋನ್ ಆದ ಬಾಂಬಿಕಾಲ್‌ನ ರಚನೆಯನ್ನು ಗುರುತಿಸಿದ್ದು ಇದೇ ಚಿಟ್ಟೆಯಿಂದ, ಸುಮಾರು ಐದು ಲಕ್ಷ ಚಿಟ್ಟೆಗಳನ್ನು ಬಳಸಿ. ಮನುಷ್ಯರಲ್ಲಿ ಅಂತಹ ಒಂದು ರಾಸಾಯನಿಕವೂ ಈವರೆಗೆ ಖಚಿತವಾಗಿ ಸಾಬೀತಾಗಿಲ್ಲ ಎಂದು ಆಕ್ಸ್‌ಫರ್ಡಿನ ಟ್ರಿಸ್ಟ್ರಾಮ್ ವಯಾಟ್ 2015ರಲ್ಲೇ ಸ್ಪಷ್ಟವಾಗಿ ಬರೆದಿದ್ದಾರೆ. ಆದ್ದರಿಂದ ‘ಫೆರೊಮೋನ್ ಸೆಂಟ್’ ಎಂಬ ಜಾಹೀರಾತು ನಂಬಿ ಹಣ ತೆರುವವರು ಕೊಳ್ಳುವುದು ಬರೀ ಸೆಂಟನ್ನು.

ಹಾಗೆಂದು ಮೂಗು ನಿರುಪಯೋಗಿಯಲ್ಲ. ಹುಟ್ಟಿದ ಕೆಲವೇ ದಿನಗಳಲ್ಲಿ ಮಗು ತಾಯಿಯ ವಾಸನೆಯನ್ನು ಗುರುತಿಸುತ್ತದೆ. ದೇಹದಲ್ಲಿ ಉರಿಯೂತ ಕೆರಳಿದ ಕೆಲವೇ ಗಂಟೆಗಳಲ್ಲಿ ಆ ವ್ಯಕ್ತಿಯ ಮೈವಾಸನೆ ಇತರರಿಗೆ ಅಹಿತವಾಗುತ್ತದೆ ಎಂಬುದನ್ನು ಸ್ವೀಡನ್ನಿನ ಸಂಶೋಧಕರು 2014ರಲ್ಲಿ ತೋರಿಸಿದರು. ಹುಟ್ಟಿನಿಂದಲೇ ವಾಸನೆ ತಿಳಿಯದ 32 ಮಂದಿಯನ್ನು ಜರ್ಮನಿಯಲ್ಲಿ ಅಧ್ಯಯನ ಮಾಡಿದಾಗ (2013), ಗಂಡಸರಿಗೆ ಪ್ರಣಯ ಸಂಬಂಧಗಳು ಕಡಿಮೆಯಿದ್ದುದೂ, ಹೆಂಗಸರಿಗೆ ಸಂಗಾತಿಯ ಬಗ್ಗೆ ನೆಮ್ಮದಿ ಕಡಿಮೆಯಿದ್ದುದೂ ಕಂಡುಬಂತು.

ರಕ್ತಸಂಬಂಧದ ಅಪಾಯವನ್ನು ಮಾತ್ರ ಮೂಗಿಗೆ ಒಪ್ಪಿಸಿ ಕೂರುವಂತಿಲ್ಲ. ಅಣ್ಣ-ತಂಗಿಯರ ಮಕ್ಕಳು ಮದುವೆಯಾದಾಗ ಅವರ ಸಂತಾನಕ್ಕೆ ಎರಡೂ ಕಡೆಯಿಂದ ಒಂದೇ ವಂಶವಾಹಿ ಸೇರುವ ಪ್ರಮಾಣ ಹದಿನಾರರಲ್ಲಿ ಒಂದು ಪಾಲು. ಸೋದರಮಾವನ ಮದುವೆಯಲ್ಲಿ ಎಂಟರಲ್ಲಿ ಒಂದು ಪಾಲು. ಮನೆತನದಲ್ಲಿ ಅಡಗಿರುವ ಕಾಯಿಲೆ ಮಗುವಿನಲ್ಲಿ ಪ್ರಕಟವಾಗುವ ಸಂಭವ ಇದರಿಂದ ಹೆಚ್ಚುತ್ತದೆ. ಸಂಬಂಧದಲ್ಲೇ ಮದುವೆ ನಿಶ್ಚಯಿಸಿದವರಿಗೂ, ಈಗಾಗಲೇ ಮದುವೆಯಾಗಿ ಮಗುವನ್ನು ಬಯಸುವವರಿಗೂ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಸೇರಿದಂತೆ ಹಲವೆಡೆ ಆನುವಂಶಿಕ ಸಲಹೆ ದೊರೆಯುತ್ತದೆ. ಅಲ್ಲಿ ಮೊದಲು ಕೇಳುವುದು ಎರಡೂ ಮನೆಗಳ ಮೂರು ತಲೆಮಾರಿನ ವಿವರ: ಯಾರಿಗೆ ಯಾವ ಕಾಯಿಲೆಯಿತ್ತು, ಎಳೆವೆಯಲ್ಲೇ ತೀರಿಕೊಂಡ ಮಕ್ಕಳಿದ್ದರೇ, ಕಿವುಡುತನವಿತ್ತೇ ಎಂದು. ಆ ಪಟ್ಟಿಯನ್ನು ಅಜ್ಜಿಯಂದಿರಿರುವಾಗಲೇ ಬರೆದಿಟ್ಟುಕೊಂಡು ಹೋಗುವುದು ಒಳ್ಳೆಯದು.