ಸರ್ಟಿಫಿಕೇಟಿನ ಬೆಲೆಯೂ ಅದರ ಫಲವೂ

ಬೆಂಗಳೂರಿನ ಮಾರತಹಳ್ಳಿಯಲ್ಲಾಗಲಿ ಬಿ.ಟಿ.ಎಂ. ಬಡಾವಣೆಯಲ್ಲಾಗಲಿ ನಾಲ್ಕು ಹೆಜ್ಜೆ ನಡೆದರೆ ಸಾಕು, ಕಂಪ್ಯೂಟರ್ ಪ್ರೋಗ್ರಾಮಿಂಗ್ ಕಲಿಸುವ ಖಾಸಗಿ ಶಾಲೆಗಳ ಫಲಕಗಳು ಸಾಲುಸಾಲಾಗಿ ಕಣ್ಣಿಗೆ ಬೀಳುತ್ತವೆ. ಜಾವಾ, ಪೈಥಾನ್, ಡೇಟಾ ಸೈನ್ಸ್. ಕೆಲವೇ ತಿಂಗಳುಗಳ ಶಿಕ್ಷಣ, ಕೊನೆಯಲ್ಲಿ ಸರ್ಟಿಫಿಕೇಟು, ಅದರ ಬೆನ್ನಿಗೇ ನೌಕರಿ. ಹುಬ್ಬಳ್ಳಿ, ದಾವಣಗೆರೆ, ಕಲಬುರ್ಗಿಗಳಿಂದ ಪದವೀಧರನಾಗಿ ಬಂದ ತರುಣನು ಆ ಫಲಕವನ್ನು ನೋಡುತ್ತಾನೆ. ಊರಿನಲ್ಲಿ ಕಾರಕೂನನಾದ ಅವನ ತಂದೆಯು ಸಾಲಪತ್ರಕ್ಕೆ ಸಹಿ ಹಾಕುತ್ತಾನೆ. ಆ ಸಹಿಯ ವಿಷಯವಾಗಿ ಕೆಲವು ಮಾತುಗಳನ್ನು ವಾಚಕರ ಮುಂದಿಡಬೇಕಾಗಿದೆ.

ಮೊದಲು ಲೆಕ್ಕ. ಫೀಯನ್ನು ಒಂದು ಲಕ್ಷ ರೂಪಾಯಿಯೆಂದು ಹಿಡಿಯೋಣ. ಇಂಥ ಖಾಸಗಿ ಶಿಕ್ಷಣದ ಮೇಲೆ ಶೇಕಡಾ 18ರಂತೆ ಸರಕು ಮತ್ತು ಸೇವಾ ತೆರಿಗೆಯಿರುವದರಿಂದ ಕೊಡತಕ್ಕದ್ದು 1,18,000. ಇಷ್ಟನ್ನೂ ಶೇಕಡಾ 12ರ ಬಡ್ಡಿಗೆ ಎರಡು ವರ್ಷಗಳ ಕಂತಿನ ಮೇಲೆ ತಂದರೆ ತಿಂಗಳಿಗೆ ಸುಮಾರು 5,550ರಂತೆ ಒಟ್ಟಿಗೆ 1,33,000ದಷ್ಟು ತೆರಬೇಕಾಗುವದು. ಜಾಹೀರಾತಿನಲ್ಲಿ ಕಾಣದ ಇನ್ನೊಂದು ವೆಚ್ಚವುಂಟು. ಆ ತರುಣನು ತಿಂಗಳಿಗೆ 15,000 ರೂಪಾಯಿಯ ಕೆಲಸವನ್ನು ಬಿಟ್ಟು ಬಂದಿದ್ದರೆ ಆರು ತಿಂಗಳಿನಲ್ಲಿ ಕೈಬಿಟ್ಟುಹೋದ ಪಗಾರವೇ 90,000. ಊಟ ಬಾಡಿಗೆಗಳನ್ನು ಎಣಿಸದೆಯೇ ಮೊತ್ತವು 2,23,000ಕ್ಕೆ ಮುಟ್ಟಿತು. ಕಲಿತ ಮರುದಿನವೇ 25,000ದ ನೌಕರಿ ದೊರೆಯಿತೆಂದರೂ, ಹೆಚ್ಚಾಗಿ ಬರುವ ಹತ್ತು ಸಾವಿರದಿಂದ ಈ ಹಣ ಹಿಂದಿರುಗಲು ಇಪ್ಪತ್ತೆರಡು ತಿಂಗಳಿಗೂ ಮಿಕ್ಕಿ ಬೇಕು. ಇನ್ನಾರು ತಿಂಗಳು ಕೆಲಸಕ್ಕಾಗಿ ಅಲೆಯಬೇಕಾದರೆ ಮೂವತ್ತೊಂದು ತಿಂಗಳಾಗುವದು. ನೌಕರಿಯೇ ದೊರೆಯದಿದ್ದರೂ ಕಂತು ಮಾತ್ರ ನಿಲ್ಲುವದಿಲ್ಲ. ಅದು ತಂದೆಯ ಪಗಾರದಿಂದ ಹೋಗುವದು.

ನೌಕರಿಯು ದೊರೆಯುವದೇ ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ. ದೊಡ್ಡ ಕಂಪನಿಗಳು ಹೊಸಬರನ್ನು ಬಾಚಿಕೊಂಡ 2021-22ರ ಕಾಲವು ಹಿಂದೆ ಸರಿಯಿತು. ದೇಶದಲ್ಲಿಯೇ ದೊಡ್ಡದಾದ ಟಾಟಾ ಕನ್ಸಲ್ಟನ್ಸಿ ಸರ್ವಿಸಸ್ ಕಂಪನಿಯ ನೌಕರರ ಸಂಖ್ಯೆಯು 2023-24ರಲ್ಲಿ 13,249ರಷ್ಟು ಇಳಿಯಿತು. ಹೊಸಬರ ಆರಂಭದ ವೇತನವಂತೂ ವರ್ಷಕ್ಕೆ ಮೂರರಿಂದ ಮೂರೂವರೆ ಲಕ್ಷದ ಆಸುಪಾಸಿನಲ್ಲಿಯೇ ದಶಕಕ್ಕೂ ಮಿಕ್ಕಿ ನಿಂತಿತ್ತು. ಆ ಅವಧಿಯಲ್ಲಿ ಅಕ್ಕಿ ಬೇಳೆಗಳ ಧಾರಣೆ ನಿಂತಿರಲಿಲ್ಲವೆಂಬುದನ್ನು ಗೃಹಸ್ಥರಿಗೆ ಹೇಳಬೇಕಾದುದಿಲ್ಲ. ಇದರ ಮೇಲೆ 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಹೊರಬಂದಂದಿನಿಂದ, ಹೊಸಬರಿಗೆ ಒಪ್ಪಿಸುತ್ತಿದ್ದಂಥ ಸಣ್ಣಪುಟ್ಟ ಪ್ರೋಗ್ರಾಮುಗಳನ್ನು ಯಂತ್ರವೇ ಕ್ಷಣಾರ್ಧದಲ್ಲಿ ಬರೆದುಕೊಡಹತ್ತಿದೆ. ಇನ್ನು ಸಂದರ್ಶನದಲ್ಲಿ ನಡೆಯುವದೇನು? ಒಂದು ಲೆಕ್ಕವನ್ನು ಮುಂದಿಟ್ಟು, ಇದಕ್ಕೆ ಪ್ರೋಗ್ರಾಮು ಬರೆಯೆನ್ನುತ್ತಾರೆ. ಬರೆದವನು ಒಳಗೆ ಹೋಗುವನು. ಸರ್ಟಿಫಿಕೇಟು ಹೆಚ್ಚೆಂದರೆ ಅವನನ್ನು ಆ ಬಾಗಿಲಿನವರೆಗೆ ತಂದು ಬಿಟ್ಟೀತು.

ಹಾಗೆಂದು ಸರ್ಟಿಫಿಕೇಟುಗಳೆಲ್ಲವೂ ಒಂದೇ ತೂಕದವಲ್ಲ. ಕಲಿಸಿದವರೇ ಕೊಡುವ ಪತ್ರ ಬೇರೆ, ಹೊರಗಿನವರು ಪರೀಕ್ಷಿಸಿ ಕೊಡುವ ಪತ್ರ ಬೇರೆ. ಜಾವಾ ಭಾಷೆಯ ಪರೀಕ್ಷೆಯನ್ನು ಹಿಂದೆ ಸನ್ ಮೈಕ್ರೋಸಿಸ್ಟಮ್ಸ್ ನಡೆಸುತ್ತಿತ್ತು. 2010ರಲ್ಲಿ ಆ ಕಂಪನಿಯನ್ನು ಕೊಂಡ ಒರಾಕಲ್ ಅದನ್ನು ಮುಂದುವರಿಸಿತು. ಅದು ಕಠಿಣ ಪರೀಕ್ಷೆ, ಅದಕ್ಕೆ ಮಾನವೂ ಉಂಟು. ಆದರೆ ಜಾವಾದ ಎಂಟನೆಯ ಆವೃತ್ತಿ 2014ರಲ್ಲಿ, ಹದಿನೇಳನೆಯದು 2021ರಲ್ಲಿ, ಇಪ್ಪತ್ತೊಂದನೆಯದು 2023ರಲ್ಲಿ ಬಂದವು. ಪತ್ರದ ಮೇಲೆ ಅಚ್ಚಾದ ಆವೃತ್ತಿಯ ಅಂಕಿಯು ಬಹುಬೇಗ ಹಳತಾಗುವದು.

ನಮ್ಮ ದೇಶದಲ್ಲಿಯೇ ಅಗ್ಗವಾದ ದಾರಿಗಳಿರುವಾಗ ಅವನ್ನು ತಿಳಿಯದೆ ಸಾಲಕ್ಕೆ ಕೈಯೊಡ್ಡುವದು ವಿಷಾದಕರ. ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ಆರಂಭಿಸಿದ ಎನ್.ಪಿ.ಟಿ.ಇ.ಎಲ್. ಯೋಜನೆಯಲ್ಲಿ ಸಿ, ಜಾವಾ, ಪೈಥಾನ್ ಪಾಠಗಳನ್ನು ಕೇಳಲು ಒಂದು ಕಾಸೂ ಬೇಡ. ಸರ್ಟಿಫಿಕೇಟು ಬೇಕೆಂಬವರು ಕೇಂದ್ರಕ್ಕೆ ಹೋಗಿ ಮೇಲ್ವಿಚಾರಣೆಯಲ್ಲಿ ಪರೀಕ್ಷೆ ಬರೆಯಬೇಕು. ಅದರ ಫೀ ಸಾವಿರ ರೂಪಾಯಿಯಷ್ಟು. ಮನೆಯಲ್ಲಿ ಮಾಡಿದ ಅಭ್ಯಾಸಕ್ಕೆ 25 ಅಂಕಗಳು, ಪರೀಕ್ಷೆಗೆ 75. ಕೇಂದ್ರ ಸರಕಾರದ ನೈಲಿಟ್ ಸಂಸ್ಥೆಯ ಓ ಲೆವೆಲ್ ಪರೀಕ್ಷೆಯು ಡೋಯಾಕ್ ಎಂಬ ಹೆಸರಿನ ಕಾಲದಿಂದ ನಡೆದುಬಂದದ್ದು. ಶಾಲೆ ಸೇರದೆ ನೇರವಾಗಿಯೂ ಅದಕ್ಕೆ ಕೂಡಬಹುದು. ಕೆಲವು ಸರಕಾರಿ ಹುದ್ದೆಗಳ ಪ್ರಕಟಣೆಗಳಲ್ಲಿ ಅದನ್ನು ಅರ್ಹತೆಯಾಗಿ ಹೆಸರಿಸುವದುಂಟು. ಅಂಥಲ್ಲಿ ಮಾತ್ರ ಪತ್ರಕ್ಕೆ ಪತ್ರವೆಂದೇ ಬೆಲೆ. ಅದಿಲ್ಲದವನ ಅರ್ಜಿ ಮೇಜಿನಿಂದ ಮುಂದೆ ಹೋಗದು.

ಖಾಸಗಿ ಶಾಲೆಗಳ ಪರವಾಗಿಯೂ ಒಂದು ಮಾತು ಹೇಳಬೇಕು. ಒಬ್ಬಂಟಿಯಾಗಿ ಕುಳಿತು ಪಾಠ ಕೇಳಿ ಕಡೆಮುಟ್ಟಿಸುವ ಛಲ ಎಲ್ಲರಿಗೂ ಇರುವದಿಲ್ಲ. ತಪ್ಪನ್ನು ಎದುರಿಗೇ ತಿದ್ದುವ ಗುರುವೂ ಜತೆಗಾರರೂ ಬೇಕೆಂಬವರಿಗೆ ಒಳ್ಳೆಯ ಶಾಲೆಯು ನಿಜವಾಗಿಯೂ ಉಪಕಾರಿ. ಆಗ ಕೊಡುವ ಹಣ ಗುರುವಿಗೇ ಹೊರತು ಕಾಗದಕ್ಕಲ್ಲ. ಆದುದರಿಂದ ಕಲಿಸುವವರು ಯಾರು, ಹಿಂದಿನ ವರ್ಷ ಕಲಿತು ಹೋದವರು ಈಗ ಎಲ್ಲಿದ್ದಾರೆ ಎಂಬುದನ್ನು ಹೋಗಿ ವಿಚಾರಿಸಿದ ಮೇಲೆಯೇ ಹಣ ಎಣಿಸತಕ್ಕದ್ದು. ಅಂಥ ಇಬ್ಬರು ಮೂವರನ್ನು ಶಾಲೆಯವರು ಆರಿಸಿ ತೋರಿಸಿದರೆ ಸಾಲದು; ನಾವೇ ಹುಡುಕಿ ಮಾತನಾಡಿಸಬೇಕು.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ನವೆಂಬರಿನಲ್ಲಿ ಕೋಚಿಂಗ್ ಸಂಸ್ಥೆಗಳ ಜಾಹೀರಾತುಗಳಿಗೆ ನಿಯಮಗಳನ್ನು ಹೊರಡಿಸಿ, ಖಚಿತ ಆಯ್ಕೆ, ಖಚಿತ ಉದ್ಯೋಗ ಮುಂತಾದ ಸುಳ್ಳು ಭರವಸೆಗಳನ್ನು ನಿಷೇಧಿಸಿದೆ. ಫಲಕದ ಮೇಲೆ ನೂರಕ್ಕೆ ನೂರು ನೌಕರಿಯೆಂದು ಬರೆದಿದ್ದರೆ, ಆ ಮಾತನ್ನೇ ಸಂಸ್ಥೆಯ ಮುದ್ರೆಯೊಡನೆ ಬರೆದುಕೊಡಿರೆಂದು ಸಾಲಪತ್ರಕ್ಕೆ ಸಹಿ ಹಾಕುವ ಮುಂಚೆ ಕೇಳಿರಿ. ಕೊಡದಿದ್ದರೆ ಆ ಫಲಕದ ಒಂದು ಚಿತ್ರವನ್ನಾದರೂ ತೆಗೆದಿಟ್ಟುಕೊಳ್ಳಿರಿ. ಮುಂದೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವ ಪ್ರಸಂಗ ಬಂದರೆ ರಸೀದಿಯ ಜತೆಗೆ ಅದೂ ಬೇಕಾಗುವದು.