ಕೊನೆಗಾಲದ ಭಾರ ಯಾರದು?

ಶಿವನಸಮುದ್ರದ ಜಲಪಾತ ನೋಡಲು ಹೋಗುವವರು ಕೊಳ್ಳೇಗಾಲ ಸೀಮೆಯ ಸತ್ತೇಗಾಲದಲ್ಲಿ ನಿಲ್ಲುವುದು ಕಡಿಮೆ. ಹದಿನಾಲ್ಕನೆಯ ಶತಮಾನದಲ್ಲಿ ಶ್ರೀವೈಷ್ಣವ ಆಚಾರ್ಯ ವೇದಾಂತ ದೇಶಿಕರಿಗೆ ಆಸರೆಯಾದ ಊರಿದು. ದೆಹಲಿ ಸುಲ್ತಾನರ ಸೈನ್ಯ ಶ್ರೀರಂಗಕ್ಕೆ ನುಗ್ಗಿದಾಗ ಅವರು ಹೆಣಗಳ ನಡುವೆ ಹೆಣದಂತೆ ಮಲಗಿದ್ದು, ವಿದ್ವಾಂಸ ಸುದರ್ಶನ ಸೂರಿಗಳ ಇಬ್ಬರು ಮಕ್ಕಳನ್ನೂ ಅವರ ವ್ಯಾಖ್ಯಾನಗ್ರಂಥ ‘ಶ್ರುತಪ್ರಕಾಶಿಕೆ’ಯ ತಾಳೆಗರಿಗಳನ್ನೂ ಕಾಪಾಡಿ ಇಲ್ಲಿಗೆ ತಂದರೆಂದು ಶ್ರೀವೈಷ್ಣವ ಪರಂಪರೆ ಹೇಳುತ್ತದೆ.

ಆ ದಿನಗಳಲ್ಲಿ ಅವರು ರಚಿಸಿದ್ದು ‘ಅಭೀತಿಸ್ತವ’. ಹೆಸರು ಅಭೀತಿಯಾದರೂ ಭಯವನ್ನು ಅದು ಮುಚ್ಚಿಡುವುದಿಲ್ಲ. ಲೋಕದಲ್ಲಿ ಭಯ ಹಬ್ಬಿದೆ, ನೀನೇ ನೀಗಿಸು ಎಂದು ರಂಗನಾಥನ ಮುಂದೆ ಹೇಳಿಕೊಳ್ಳುತ್ತದೆ. ಭಕ್ತನಾದವನು ಹೆದರಲೇಬಾರದು ಎನ್ನುವವರು ಇದನ್ನು ಓದಬೇಕು.

ನಮ್ಮ ಮನೆಗಳ ಹಿರಿಯರನ್ನು ಕಾಡುವ ಭಯ ಇನ್ನೊಂದು ಬಗೆಯದು. ಅಂತ್ಯಕಾಲದಲ್ಲಿ ನೆನೆದದ್ದನ್ನೇ ಜೀವ ಹೊಂದುತ್ತದೆ ಎನ್ನುತ್ತದೆ ಗೀತೆಯ ಎಂಟನೆಯ ಅಧ್ಯಾಯ. ಆಗ ನಾರಾಯಣ ಎನ್ನಲು ನಾಲಿಗೆಯೇ ಹೊರಳದಿದ್ದರೆ? ಐಸಿಯುವಿನಲ್ಲಿ ಬಾಯಿಗೆ ಕೊಳವೆ ಹಾಕಿರುತ್ತಾರೆ, ಔಷಧಿಯ ಮಂಪರು ಕವಿದಿರುತ್ತದೆ. ಮರೆವಿನ ಕಾಯಿಲೆ ಬಂದವರಿಗೆ ಮಕ್ಕಳ ಹೆಸರೇ ನೆನಪಿರುವುದಿಲ್ಲ, ದೇವರ ಹೆಸರಿನ ಮಾತೆಲ್ಲಿ?

ಇದಕ್ಕೆ ನಾನು ಕಂಡ ಅತ್ಯಂತ ಕರುಣೆಯ ಉತ್ತರ ವರಾಹ ಚರಮಶ್ಲೋಕದಲ್ಲಿದೆ. ಮೈಮನಸ್ಸು ಸ್ವಸ್ಥವಾಗಿದ್ದಾಗ ತನ್ನನ್ನು ನೆನೆದ ಭಕ್ತ ಸಾಯುವ ಹೊತ್ತಿಗೆ ಕಟ್ಟಿಗೆಯಂತೆ, ಕಲ್ಲಿನಂತೆ ಬಿದ್ದಿದ್ದರೆ ತಾನೇ ಅವನನ್ನು ನೆನೆದು ಪರಮಗತಿಗೆ ಒಯ್ಯುತ್ತೇನೆಂದು ವರಾಹರೂಪಿ ಭಗವಂತ ಅಲ್ಲಿ ಮಾತು ಕೊಡುತ್ತಾನೆ. ನೆನೆಯುವ ಹೊಣೆ ಅವನದಾಯಿತು! ಈ ಶ್ಲೋಕದ ವಿವರಣೆಗೆಂದೇ ದೇಶಿಕರು ‘ರಹಸ್ಯಶಿಖಾಮಣಿ’ ಬರೆದರು.

ಅವರ ಸಂಪ್ರದಾಯದ ಮನೆಗಳಲ್ಲಿ ಇಂದಿಗೂ ‘ಭರಸಮರ್ಪಣೆ ಆಯಿತೇ?’ ಎಂದು ವಿಚಾರಿಸುವುದುಂಟು. ಆಚಾರ್ಯರ ಮೂಲಕ ಬದುಕಿನಲ್ಲಿ ಒಮ್ಮೆ ಮಾಡುವ ಶರಣಾಗತಿ ಅದು. ಆಮೇಲೂ ಪೂಜೆ, ಅನುಷ್ಠಾನ ನಡೆಯುತ್ತವೆ, ಆದರೆ ಕೈಂಕರ್ಯವಾಗಿ. ಮೋಕ್ಷಕ್ಕೆ ತೆರುವ ಬೆಲೆಯಾಗಿ ಅಲ್ಲ. ಈ ಶರಣಾಗತಿಗೆ ಎದೆಗಾರಿಕೆ ಬೇಕಿಲ್ಲ. ನನ್ನ ಕೈಯಲ್ಲಿ ಏನೂ ಇಲ್ಲ ಎಂಬ ಆಕಿಂಚನ್ಯವೇ ಅರ್ಹತೆ. ಹೆದರಿದವನಿಗೆ ಹೆದರಿದ ಸ್ಥಿತಿಯಲ್ಲೇ ಬಾಗಿಲು ತೆರೆಯುವ ಧರ್ಮವಿದು. ಅದಕ್ಕಾಗಿಯೇ ನನಗೆ ಇದರ ಮೇಲೆ ಅಷ್ಟು ಪ್ರೀತಿ.

‘ಅಭೀತಿಸ್ತವ’ದ ಕೊನೆಯ ಕಡೆಗೆ ದೇಶಿಕರು ತಮಗಾಗಿ ಒಂದನ್ನು ಬೇಡುತ್ತಾರೆ. ರಾಮಾನುಜರ ಗ್ರಂಥಗಳ ಸವಿಯಲ್ಲೇ ವಯಸ್ಸು ಕಳೆಯಿತು, ತಲೆ ನರೆಯಿತು. ಇನ್ನು ಶತ್ರುಗಳ ಕಾಟವಿಲ್ಲದ ಶ್ರೀರಂಗದಂಥ ತಾಣದಲ್ಲಿ, ಒಬ್ಬರ ಹಿತವನ್ನೊಬ್ಬರು ಬಯಸುವವರ ನೆರೆಯಲ್ಲಿ ಇರಿಸು ಎಂದು. ಅಲ್ಲಿ ಆಯುಸ್ಸಿನ ಬೇಡಿಕೆಯಿಲ್ಲ. ಶ್ರೀರಂಗಕ್ಕೆ ಒಳ್ಳೆಯ ಕಾಲ ಮರಳಿ ಬಂತು: 1371ರಲ್ಲಿ ವಿಜಯನಗರದ ಸೇನಾನಿ ಗೋಪಣ್ಣ ರಂಗನಾಥನನ್ನು ಶ್ರೀರಂಗದಲ್ಲಿ ಮರಳಿ ಪ್ರತಿಷ್ಠಾಪಿಸಿದ. ಅವನನ್ನು ಹೊಗಳಿ ಅಲ್ಲಿಯ ಗೋಡೆಯಲ್ಲಿ ಕೆತ್ತಿರುವ ಶ್ಲೋಕಗಳು ದೇಶಿಕರವೇ ಎಂದು ಸಂಪ್ರದಾಯ ನಂಬುತ್ತದೆ.