ರಿಂಗಿನ ಎತ್ತರ ಎಲ್ಲಿಂದ ಎಲ್ಲಿಗೆ?

ಕೊಡಗಿನ ಮನೆ, ಕೋವಿ ನೋಡಿಯೇ ಬೆಳೆದವನು ನಾನು. ಮೂರು ತಿಂಗಳು ಕ್ಯಾಂಟೀನ್ ಕಾಫಿ ಬಿಟ್ಟು ಮನೆಯ ಏರ್ ರೈಫಲ್‌ಗೆ ಸ್ಕೋಪ್ ತರಿಸಿದೆ. ಅದನ್ನು ಹಿಡಿದು ನಿಲ್ಲಿಸುವ ರಿಂಗ್ ಎಷ್ಟು ಎತ್ತರದ್ದಿರಬೇಕು? ಬಿಇ ಓದುವವನಲ್ಲವೇ, ವರ್ನಿಯರ್ ಹಿಡಿದೆ. ಸ್ಕೋಪಿನ ಮುಂಭಾಗದ ಹೊರವ್ಯಾಸ 38 ಮಿ.ಮೀ., ಅರ್ಧ 19. ಕೆಳಗೆ ತಾಗದಿರಲು 3 ಸೇರಿಸಿದರೆ 22. ಅಷ್ಟೇ ಎತ್ತರದ್ದನ್ನು ತರಿಸಿ ಕೂರಿಸಿದೆ.

ಹತ್ತು ಮೀಟರ್ ದೂರದ ಡಬ್ಬಕ್ಕೂ ಪೆಲೆಟ್ ಬೀಳಲಿಲ್ಲ!

ನೋಡುತ್ತಿದ್ದ ಅಪ್ಪ, "ಕಣ್ಣು ಮುಚ್ಚಿ ಬಟ್ ಮೇಲೆ ಕೆನ್ನೆ ಇಡು. ಈಗ ಕಣ್ಣು ಬಿಡು, ಏನು ಕಾಣುತ್ತೆ?" ಎಂದರು.

"ಬರೀ ಕಪ್ಪು, ಅಪ್ಪ."

ಸ್ಕೋಪ್ ಅಷ್ಟು ಮೇಲಿತ್ತು. ಕೆನ್ನೆ ಎತ್ತಿ, ಬಟ್‌ಗೆ ಗದ್ದ ಊರಿ ಗುರಿ ಇಡುತ್ತಿದ್ದೆ; ಪ್ರತಿ ಸಲ ಕಣ್ಣು ಒಂದೊಂದು ಕಡೆ.

ಲೆಕ್ಕ ತಪ್ಪಿರಲಿಲ್ಲ. ನಾನು ಅಳೆದದ್ದು ಸ್ಕೋಪಿನ ನಡುಮಧ್ಯಕ್ಕೆ, ಮಾರಿದವರು ಅಳೆದದ್ದು ರಿಂಗಿನ ಒಳತಳಕ್ಕೆ. 25.4 ಮಿ.ಮೀ. ಕೊಳವೆಯ ಅರ್ಧ, ಅಂದರೆ 12.7, ಹೆಚ್ಚಾಗಿತ್ತು. ಅವರ ಅಳತೆಯಲ್ಲಿ ನನಗೆ ಬೇಕಿದ್ದದ್ದು 10ರ ರಿಂಗ್.

ಅದಕ್ಕಾಗಿ ಮತ್ತೆ ಕಾಫಿ ಬಿಟ್ಟಿದ್ದೇನೆ. ಸದ್ಯಕ್ಕೆ ಬಟ್ ಮೇಲೆ ಮಡಚಿದ ಟವೆಲ್ ಕಟ್ಟಿದ್ದೇನೆ. ಡಬ್ಬ ಟಣ್ಣೆನ್ನುತ್ತಿದೆ.